ಫೆನ್ಸಿಂಗ್ ಕಲಿಯುತ್ತೇನೆ ಎನ್ನುವ ಮಗಳಿಗೆ ಏನೆನ್ನಲಿ?

ಪ್ರಶ್ನೆ: ನಾವು ಬದಿಯಡ್ಕದ ಕಡೆಯ ಕೃಷಿಕರು. ಕನ್ನಡ ಮಾಧ್ಯಮದಲ್ಲಿ 8ನೇ ತರಗತಿ ಓದುತ್ತಿರುವ ನಮ್ಮ ಮಗಳಿಗೆ 13 ವರ್ಷ. ಕೊರಿಯಾದ ಧಾರಾವಾಹಿಯೊಂದರಲ್ಲಿ ಫೆನ್ಸಿಂಗ್ ಎಂಬ ಕತ್ತಿಕಾಳಗದ ಕ್ರೀಡೆಯನ್ನು ಆಡುವ ಹುಡುಗಿಯನ್ನು ನೋಡಿದಂದಿನಿಂದ ತಾನೂ ಅದನ್ನೇ ಕಲಿಯುತ್ತೇನೆಂದು ಹಟ ಹಿಡಿದಿದ್ದಾಳೆ. ಕತ್ತಿಯೇ ಬೇಕಾದರೆ ಕೇರಳದ ಯುದ್ಧಕಲೆ ಕಲಿಸುವ ಕಳರಿಗೆ ಹೋಗಲಿ ಎಂಬುದು ಅವಳ ಅಜ್ಜನ ಅಭಿಪ್ರಾಯ. ಇದು ನಾಲ್ಕು ದಿನದ ಹುಚ್ಚೋ ನಿಜವಾದ ಆಸಕ್ತಿಯೋ ಎಂದು ತಿಳಿಯುವುದು ಹೇಗೆ? ಈ ವಯಸ್ಸಿಗೆ ತಡವಾಯಿತೇ? ಅಪಾಯವಿಲ್ಲವೇ? ಕಾಸರಗೋಡಿನಂಥ ಊರಿನಿಂದ ಅವಳನ್ನು ಎಲ್ಲಿಗೆ ಕಳುಹಿಸುವುದು?

ಉತ್ತರ: ನೀವು ಹಲವು ಪ್ರಶ್ನೆ ಕೇಳಿದ್ದರೂ ಮೂಲ ಪ್ರಶ್ನೆ ಒಂದೇ: ಮಗಳ ಈ ಆಸೆ ನಿಲ್ಲುವಂಥದೋ, ಹಾರಿಹೋಗುವಂಥದೋ? ಅದಕ್ಕೆ ಇವತ್ತೇ ಉತ್ತರ ಸಿಗುವುದಿಲ್ಲ, ಸಿಗಲೇಬೇಕೆಂದೂ ಇಲ್ಲ. ಮಕ್ಕಳನ್ನು ಫೆನ್ಸಿಂಗಿನತ್ತ ಸೆಳೆಯುವ ಸಂಗತಿ ಒಂದು, ಅವರನ್ನು ವರ್ಷಗಟ್ಟಲೆ ಅದರಲ್ಲಿ ಹಿಡಿದಿಡುವ ಸಂಗತಿ ಇನ್ನೊಂದು. ಮೊದಲನೆಯದು ಕಣ್ಣಿನ ಮೋಹ: ಬಿಳಿಯ ಉಡುಪು, ಮುಖ ಮುಚ್ಚುವ ಜಾಲರಿ, ಹೊಳೆಯುವ ಕತ್ತಿ. ಎರಡನೆಯದು ಕೆಲವು ತಿಂಗಳ ಅಭ್ಯಾಸದ ಬಳಿಕವಷ್ಟೇ ಅನುಭವಕ್ಕೆ ಬರುವಂಥದು. ಅದನ್ನು ಧಾರಾವಾಹಿ ತೋರಿಸಲಾರದು, ತರಬೇತುದಾರರೂ ಬರಿಯ ಮಾತಿನಲ್ಲಿ ತಿಳಿಸಿಕೊಡಲಾರರು. ಮೊದಲನೆಯದನ್ನು ಕಂಡು ಎರಡನೆಯದು ಹುಟ್ಟೀತೋ ಇಲ್ಲವೋ ಎಂದು ಊಹಿಸಲು ಯಾರಿಂದಲೂ ಆಗದು. ಮಗಳಿಗೆ ಆ ಎರಡನೆಯ ಘಟ್ಟದವರೆಗೆ ಹೋಗಲು ಅವಕಾಶ ಮಾಡಿಕೊಡುವುದಷ್ಟೇ ನಿಮ್ಮ ಕೈಯಲ್ಲಿರುವ ಕೆಲಸ.

ಆದ್ದರಿಂದ ಧಾರಾವಾಹಿಯಿಂದ ಹುಟ್ಟಿದ ಆಸೆಯೆಂಬ ಕಾರಣಕ್ಕೆ ಅದನ್ನು ಕಡೆಗಣಿಸಬೇಡಿ. ಈ ಆಟಕ್ಕೆ ಬರುವ ಮಕ್ಕಳಲ್ಲಿ ಎಷ್ಟೋ ಮಂದಿ ತೆರೆಯ ಮೇಲೆ ಯಾರೋ ಕತ್ತಿ ಬೀಸಿದ್ದನ್ನು ನೋಡಿಯೇ ಬಂದವರು. ಇದನ್ನು ಚೆನ್ನಾಗಿ ಬಲ್ಲ ಫ್ರಾನ್ಸಿನ ಫೆನ್ಸಿಂಗ್ ಒಕ್ಕೂಟವು, ಅಂತರಿಕ್ಷ ಸಾಹಸದ ಚಲನಚಿತ್ರಗಳಿಂದ ಮನೆಮಾತಾದ ಬೆಳಕಿನ ಖಡ್ಗದ ಕಾಳಗವನ್ನೇ 2019ರಲ್ಲಿ ಸ್ಪರ್ಧಾ ಕ್ರೀಡೆಯೆಂದು ಮಾನ್ಯ ಮಾಡಿತು. ಪರದೆಯ ಮುಂದೆ ಕುಳಿತೇ ಇರುವ ಹದಿಹರೆಯದವರನ್ನು ಎಬ್ಬಿಸಿ ಅಭ್ಯಾಸದ ಕೋಣೆಗೆ ಕರೆತರುವುದು ಅದರ ಉದ್ದೇಶವಾಗಿತ್ತು. ಹಾಂಗ್‌ಕಾಂಗಿನಲ್ಲಿ ಇದೇ ಕೆಲಸವನ್ನು ಒಂದು ಪದಕ ಮಾಡಿತು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಚೆಯುಂಗ್ ಕಾ ಲಾಂಗ್, ಫೆನ್ಸಿಂಗಿನ ಮೂರು ಬಗೆಯ ಕತ್ತಿಗಳಲ್ಲಿ ಒಂದಾದ ಫಾಯಿಲ್ ವಿಭಾಗದ ಚಿನ್ನ ಗೆದ್ದಾಗ, 1996ರ ಬಳಿಕ ಆ ಪುಟ್ಟ ಪ್ರದೇಶಕ್ಕೆ ಸಿಕ್ಕ ಮೊದಲ ಒಲಿಂಪಿಕ್ ಚಿನ್ನ ಅದಾಗಿತ್ತು. ಅಲ್ಲಿನ ಫೆನ್ಸಿಂಗ್ ಶಾಲೆಗಳ ಮುಂದೆ ಪಾಲಕರು ಮಕ್ಕಳನ್ನು ಕರೆದುಕೊಂಡು ಸಾಲುಗಟ್ಟಿದರು. ಚೆಯುಂಗ್ ಅವರೇ 2024ರಲ್ಲಿ ಪ್ಯಾರಿಸ್ಸಿನಲ್ಲಿ ಮತ್ತೊಮ್ಮೆ ಚಿನ್ನ ಗೆದ್ದರು.

ಭಾರತದ ಭವಾನಿ ದೇವಿಯವರ ಆರಂಭದಲ್ಲಿ ಇಂಥ ಬೆರಗು ಯಾವುದೂ ಇರಲಿಲ್ಲ. 2004ರಲ್ಲಿ ಚೆನ್ನೈಯ ತಮ್ಮ ಶಾಲೆಯಲ್ಲಿ ಆಟಗಳಿಗೆ ಹೆಸರು ಕೊಡಲು ಹೋದಾಗ ಉಳಿದ ಆಟಗಳ ಸ್ಥಾನಗಳೆಲ್ಲ ತುಂಬಿ ಫೆನ್ಸಿಂಗ್ ಮಾತ್ರ ಉಳಿದಿತ್ತೆಂದು ಅವರೇ ಹೇಳಿಕೊಂಡಿದ್ದಾರೆ. ಮೊದಮೊದಲ ಅಭ್ಯಾಸ ನಡೆದದ್ದು ಬಿದಿರಿನ ಕೋಲಿನಲ್ಲಿ. ಯಾರಿಗೂ ಬೇಡವಾಗಿ ಉಳಿದಿದ್ದ ಆಟವನ್ನು ಆಯ್ದುಕೊಂಡ ಆ ಹುಡುಗಿ ಟೋಕಿಯೊದಲ್ಲಿ ಒಲಿಂಪಿಕ್ಸ್ ಆಡಿದ ಮೊದಲ ಭಾರತೀಯ ಫೆನ್ಸರ್ ಆದರು. 2023ರ ಏಷ್ಯನ್ ಚಾಂಪಿಯನ್‌ಷಿಪ್ಪಿನಲ್ಲಿ ಆಗಿನ ವಿಶ್ವ ಚಾಂಪಿಯನ್, ಜಪಾನಿನ ಮಿಸಾಕಿ ಎಮುರಾ ಅವರನ್ನು ಸೋಲಿಸಿ, ಇನ್ನೊಂದು ಬಗೆಯ ಕತ್ತಿಯಾದ ಸೇಬರ್ ವಿಭಾಗದ ಕಂಚನ್ನು ತಂದರು. ಬೆರಗಿನಿಂದ ಬಂದವರೂ ಉಳಿಯುತ್ತಾರೆ, ಬೇರೆ ದಾರಿಯಿಲ್ಲದೆ ಬಂದವರೂ ಉಳಿಯುತ್ತಾರೆ. ನಾನು ಅನುಮಾನದಿಂದ ನೋಡುವ ದಾರಿ ಒಂದೇ: ಪೈಪೋಟಿ ಕಡಿಮೆ, ಬೇಗ ರಾಜ್ಯ ಮಟ್ಟಕ್ಕೆ ಹೋಗಬಹುದು, ಗ್ರೇಸ್ ಮಾರ್ಕ್ ಸಿಗುತ್ತದೆ ಎಂಬ ಲೆಕ್ಕಾಚಾರ. ಅದು ಮಕ್ಕಳದಾಗಿರುವುದಿಲ್ಲ, ದೊಡ್ಡವರದು. ಅಂಕಪಟ್ಟಿ ಕೈಗೆ ಬಂದ ದಿನವೇ ಅಂಥ ಮಕ್ಕಳ ಕೈಯಿಂದ ಕತ್ತಿ ಜಾರುತ್ತದೆ. ನಿಮ್ಮ ಮಗಳಾದರೋ ತಾನಾಗಿ ಕೇಳುತ್ತಿದ್ದಾಳೆ.

ಮೊದಲ ತಿಂಗಳುಗಳಲ್ಲಿ ಏನಾಗುತ್ತದೆಂಬುದನ್ನು ನೀವು ಮುಂಚಿತವಾಗಿ ತಿಳಿದಿರುವುದು ಒಳ್ಳೆಯದು. ಏಕೆಂದರೆ ಅವಳಿಗೆ ಮೊದಲು ಸಿಗುವುದು ನಿರಾಸೆ. ತರಗತಿಗೆ ಹೋದ ಕೂಡಲೇ ಕತ್ತಿ ಕೊಡುವುದಿಲ್ಲ. ಒಂದು ಪಾದ ಮುಂದಕ್ಕೆ, ಇನ್ನೊಂದು ಅದಕ್ಕೆ ಅಡ್ಡಲಾಗಿ, ಎರಡೂ ಮೊಣಕಾಲು ಬಾಗಿ, ಬೆನ್ನು ನೆಟ್ಟಗೆ: ಹೀಗೆ ನಿಲ್ಲಲು ಕಲಿಸುತ್ತಾರೆ. ಆಮೇಲೆ ಆ ಭಂಗಿ ಕೆಡದಂತೆ ಮುಂದಕ್ಕೊಂದು ಹೆಜ್ಜೆ, ಹಿಂದಕ್ಕೊಂದು ಹೆಜ್ಜೆ. ಆಮೇಲೆ ಲಂಜ್, ಅಂದರೆ ಕೈಯನ್ನು ಮೊದಲು ಚಾಚಿ, ಹಿಂಗಾಲಿನಿಂದ ನೆಲವನ್ನು ಒತ್ತಿ, ಮುಂಗಾಲನ್ನು ದೂರಕ್ಕೆ ಎಸೆಯುವ ದಾಳಿಯ ಹೆಜ್ಜೆ. ಇಷ್ಟನ್ನೇ ವಾರಗಟ್ಟಲೆ ಮಾಡಿಸುತ್ತಾರೆ. ತೊಡೆ ಉರಿಯುತ್ತದೆ, ಮೆಟ್ಟಿಲು ಇಳಿಯುವಾಗ ನೋವಾಗುತ್ತದೆ, ತೆರೆಯ ಮೇಲೆ ಕಂಡ ಯಾವ ಸೊಗಸೂ ಇಲ್ಲಿ ಕಾಣುವುದಿಲ್ಲ. ಜಾಣ ತರಬೇತುದಾರರು ಇದರ ನಡುವೆ ಆಟಗಳನ್ನು ಸೇರಿಸುತ್ತಾರೆ. ಗ್ಲೌಸನ್ನು ಎತ್ತರದಲ್ಲಿ ಹಿಡಿದು ಸೂಚನೆಯಿಲ್ಲದೆ ಕೈಬಿಟ್ಟು, ಅದು ನೆಲಕ್ಕೆ ಬೀಳುವ ಮೊದಲು ಲಂಜ್ ಮಾಡಿ ಹಿಡಿಯುವಂತೆ ಹೇಳುವ ಆಟ ಎಲ್ಲ ಕಡೆಯೂ ಇದೆ. ಚಿಕ್ಕ ಮಕ್ಕಳು ಅದಕ್ಕಾಗಿಯೇ ಕಾಯುತ್ತಾರೆ. ಆದರೂ ಬಿಟ್ಟುಹೋಗುವವರಲ್ಲಿ ಹೆಚ್ಚಿನವರು ಬಿಡುವುದು ಈ ಘಟ್ಟದಲ್ಲಿಯೇ. ಅದು ಅವರ ತಪ್ಪಲ್ಲ. ಅವರು ಬಯಸಿ ಬಂದದ್ದು ಬೇರೆ, ಸಿಕ್ಕಿದ್ದು ಬೇರೆ.

ಉಳಿದವರಿಗೆ ಮಾಸ್ಕ್ ತೊಡಿಸಿ, ಕತ್ತಿ ಕೊಟ್ಟು, ಒಬ್ಬರೆದುರು ಒಬ್ಬರನ್ನು ನಿಲ್ಲಿಸುತ್ತಾರೆ. ಕತ್ತಿಯ ತುದಿ ಎದುರಾಳಿಯನ್ನು ಮುಟ್ಟಿ, ಅಂಕ ತೋರಿಸುವ ವಿದ್ಯುತ್ ಪೆಟ್ಟಿಗೆಯ ಮೇಲೆ ದೀಪ ಹೊತ್ತಿಕೊಂಡಾಗ ಆಗುವ ಸಂತೋಷ ದೊಡ್ಡದು. ಆದರೆ ನಾನು ಹೇಳುತ್ತಿರುವ ಘಟ್ಟ ಅದಲ್ಲ. ಮೊದಲ ದಿನಗಳ ಹೊಡೆತಗಳು ಬಹುಪಾಲು ವೇಗದಿಂದಲೋ ಅದೃಷ್ಟದಿಂದಲೋ ಬಂದಿರುತ್ತವೆ, ಸ್ವಲ್ಪ ಅನುಭವಿಗಳ ಎದುರು ಅವು ನಡೆಯುವುದಿಲ್ಲ. ಹುಡುಗಿ ನೇರವಾಗಿ ಎದೆಗೆ ಗುರಿಯಿಟ್ಟು ನುಗ್ಗುತ್ತಾಳೆ, ಎದುರಾಳಿ ತನ್ನ ಕತ್ತಿಯಿಂದ ಅದನ್ನು ಪಕ್ಕಕ್ಕೆ ತಳ್ಳಿ ತಿರುಗಿ ಹೊಡೆಯುತ್ತಾಳೆ. ಹಾಗೆ ತಳ್ಳುವುದಕ್ಕೆ ಪ್ಯಾರಿ ಎಂದೂ ತಿರುಗಿ ಹೊಡೆಯುವುದಕ್ಕೆ ರಿಪೋಸ್ಟ್ ಎಂದೂ ಹೆಸರು. ಮತ್ತೆ ನುಗ್ಗುತ್ತಾಳೆ, ಮತ್ತೆ ಅದೇ. ಬೇಸರ, ಸಿಟ್ಟು, ಕೆಲವೊಮ್ಮೆ ಮಾಸ್ಕಿನ ಒಳಗೆ ಅಳು. ಆಮೇಲೊಂದು ದಿನ, ಎದುರಿನವಳು ಪ್ರತಿ ಸಲವೂ ಒಂದೇ ಬದಿಗೆ ತಳ್ಳುತ್ತಾಳೆಂಬುದು ಅವಳ ಗಮನಕ್ಕೆ ಬರುತ್ತದೆ. ಹಾಗಾದರೆ ನಾನು ನುಗ್ಗುವಂತೆ ತೋರಿಸಿದರೆ ಸಾಕಲ್ಲವೇ? ಅರ್ಧ ಕೈ ಚಾಚುತ್ತಾಳೆ. ಎದುರಾಳಿಯ ಕತ್ತಿ ಪಕ್ಕಕ್ಕೆ ಹಾರುತ್ತದೆ, ಅಲ್ಲಿ ಅದಕ್ಕೆ ಏನೂ ತಾಗುವುದಿಲ್ಲ. ಇವಳ ತುದಿ ಅದರ ಕೆಳಗಿನಿಂದ ಸಣ್ಣ ಸುತ್ತು ಬಳಸಿ ಖಾಲಿಬಿದ್ದ ಜಾಗಕ್ಕೆ ಹೋಗಿ ಕೂರುತ್ತದೆ. ದೀಪ ಹೊತ್ತಿಕೊಳ್ಳುತ್ತದೆ. ಎಲ್ಲ ಸೇರಿ ಒಂದು ಕ್ಷಣದ ಕೆಲಸ. ಆದರೆ ಆ ಕ್ಷಣದಲ್ಲಿ, ಎದುರಿನವಳು ಏನು ಮಾಡಬೇಕೆಂದು ನಾನು ಬಯಸಿದೆನೋ ಅದನ್ನೇ ಅವಳು ಮಾಡಿದಳು ಎಂಬ ಅರಿವು ಆ ಮಗುವಿಗೆ ಮೊದಲ ಬಾರಿಗೆ ಆಗಿರುತ್ತದೆ. ಫೆನ್ಸಿಂಗಿನ ಮೇಲಿನ ಪ್ರೀತಿ ಹುಟ್ಟುವುದು ಇಲ್ಲಿ. ಬಲದಿಂದ ಗೆದ್ದ ಅಂಕ ಮರೆತುಹೋಗುತ್ತದೆ. ಹೀಗೆ ಯೋಚಿಸಿ ಗೆದ್ದ ಮೊದಲ ಅಂಕವನ್ನು ಎಷ್ಟೋ ವರ್ಷಗಳ ಬಳಿಕವೂ ಆಟಗಾರರು ಚಾಚೂ ತಪ್ಪದೆ ವಿವರಿಸಬಲ್ಲರು.

ನಮ್ಮ ಕಡೆಯ ಮಕ್ಕಳ ಬಗ್ಗೆ ಇಲ್ಲಿ ಒಂದು ಮಾತು ಸೇರಿಸುತ್ತೇನೆ. ಕುಂಬಳೆ ಸೀಮೆಯಲ್ಲಿ ಯಕ್ಷಗಾನದ ನಾಟ್ಯ ಕಲಿತ ಮಕ್ಕಳಿಗೆ ಕಾಲಿನಲ್ಲಿ ಲಯವಿರುತ್ತದೆ, ದಣಿವು ತಡೆಯುವ ಶಕ್ತಿಯಿರುತ್ತದೆ. ಹೆಜ್ಜೆಯ ಪಾಠ ಅವರಿಗೆ ಬೇಗ ಹತ್ತುತ್ತದೆ. ಆದರೆ ರಂಗದಲ್ಲಿ ಚೆಂಡೆಯ ಪೆಟ್ಟಿಗೆ ಸರಿಯಾಗಿ ಹೆಜ್ಜೆ ಬಿದ್ದರೆ ವೇಷಧಾರಿ ಗೆದ್ದಂತೆ, ಇಲ್ಲಿ ಎದುರಾಳಿಗೆ ಒಂದು ತಾಳವನ್ನು ರೂಢಿ ಮಾಡಿಸಿ, ಅವಳು ಅದನ್ನು ನಂಬಿದ ಹೊತ್ತಿಗೆ ಬೇಕೆಂದೇ ಆ ತಾಳವನ್ನು ಮುರಿದವಳು ಗೆಲ್ಲುತ್ತಾಳೆ. ನಿಧಾನ, ನಿಧಾನ, ನಿಧಾನ ಎಂದು ಬರುತ್ತಿದ್ದ ಹೆಜ್ಜೆ ನಾಲ್ಕನೆಯದರಲ್ಲಿ ಥಟ್ಟನೆ ವೇಗವಾಗುವುದೇ ಒಳ್ಳೆಯ ದಾಳಿಯ ಗುಟ್ಟು. ನಿಮ್ಮ ಮಗಳು ನಾಟ್ಯ ಕಲಿತಿದ್ದರೆ ಅದನ್ನು ಬಿಡಿಸಬೇಡಿ.

ಈ ಆಟದ ಹಿಡಿತ ಎಂಥದ್ದೆಂದು ತಿಳಿಯಲು 2016ರ ರಿಯೊ ಒಲಿಂಪಿಕ್ಸಿನಲ್ಲಿ ಮೂರನೆಯ ಬಗೆಯ ಕತ್ತಿಯಾದ ಎಪೆಯ ಫೈನಲನ್ನು ನೋಡಬಹುದು; ಮಗಳೊಂದಿಗೆ ಕುಳಿತು ನೋಡಿ ಎಂದೇ ನನ್ನ ಸಲಹೆ. ಕೊರಿಯಾದ 20 ವರ್ಷದ ಪಾರ್ಕ್ ಸಾಂಗ್ ಯಂಗ್ ಎದುರು ಹಂಗೆರಿಯ 41 ವರ್ಷದ ಗೇಜಾ ಇಮ್ರೆ. ಮೊದಲು 15 ಅಂಕ ಪಡೆದವರಿಗೆ ಚಿನ್ನ. ಇಮ್ರೆ 14ಕ್ಕೆ ತಲುಪಿದಾಗ ಪಾರ್ಕ್ 10ರಲ್ಲಿದ್ದರು. ಎಪೆಯಲ್ಲಿ ಇಬ್ಬರೂ ಸೆಕೆಂಡಿನ 25ನೇ ಒಂದು ಭಾಗದೊಳಗೆ ಪರಸ್ಪರ ಮುಟ್ಟಿದರೆ ಇಬ್ಬರಿಗೂ ಅಂಕ ದೊರೆಯುತ್ತದೆ. ಹೀಗಾಗಿ ಇಮ್ರೆಗೆ ಅಂಥ ಒಂದು ಜೋಡಿ ಹೊಡೆತ ಸಾಕಿತ್ತು, ಪಾರ್ಕ್‌ಗೆ ಒಂದೇ ಒಂದು ಜೋಡಿ ಹೊಡೆತವೂ ಆಗದಂತೆ ಐದು ಅಂಕ ಬೇಕಿತ್ತು. ಅದಕ್ಕೆ ಸ್ವಲ್ಪ ಮೊದಲಿನ ವಿರಾಮದಲ್ಲಿ ಆ ಹುಡುಗ ‘ನನ್ನಿಂದಾಗುತ್ತದೆ’ ಎಂದು ತನ್ನಷ್ಟಕ್ಕೆ ಗೊಣಗಿಕೊಳ್ಳುತ್ತಿದ್ದುದು ಕ್ಯಾಮರಾದಲ್ಲಿ ದಾಖಲಾಗಿದೆ. 10–14ರಿಂದ ಮುಂದಿನ ಐದೂ ಅಂಕ ಅವನದಾಯಿತು. ಅವನು ಗೆದ್ದದ್ದು ನನ್ನ ಮಟ್ಟಿಗೆ ಮುಖ್ಯವಲ್ಲ. ನಾಲ್ಕು ಅಂಕ ಹಿಂದಿದ್ದಾಗಲೂ ಮುಂದಿನ ಒಂದು ಅಂಕವನ್ನು ಮಾತ್ರ ಯೋಚಿಸುವ ಆ ರೂಢಿ ಮುಖ್ಯ, ಅದು ಅಭ್ಯಾಸದಿಂದ ಬರುತ್ತದೆ.

ಇನ್ನು ನಿಮ್ಮ ಮೂಲ ಪ್ರಶ್ನೆಗೆ ಮರಳೋಣ. ಆಸಕ್ತಿ ನಿಜವೋ ಎಂದು ನೋಡಲು ಪದಕವನ್ನೂ ಉತ್ಸಾಹವನ್ನೂ ಅಳತೆಗೋಲು ಮಾಡಿಕೊಳ್ಳಬೇಡಿ. ಸೋತು ಬಂದ ದಿನ ಅವಳು ಏನು ಮಾತಾಡುತ್ತಾಳೆ ಎಂಬುದಕ್ಕೆ ಕಿವಿಗೊಡಿ. ‘ರೆಫರಿ ಸರಿಯಿಲ್ಲ’, ‘ಅವಳು ಎತ್ತರ ಇದ್ದಾಳೆ’ ಎಂಬ ಮಾತು ಎಲ್ಲ ಮಕ್ಕಳಿಂದಲೂ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ‘ಅವಳು ಯಾವಾಗಲೂ ನಾನು ಹೆಜ್ಜೆ ಮುಗಿಸುವ ಹೊತ್ತಿಗೇ ಹೊಡೆಯುತ್ತಾಳೆ, ಯಾಕೆ?’ ಎಂದು ಊಟದ ಹೊತ್ತಿಗೆ ಕೇಳಿದಳೆಂದರೆ ಅವಳು ಆಟದ ಒಳಗೆ ಕಾಲಿಟ್ಟಿದ್ದಾಳೆ. ನಿಮಗೆ ಉತ್ತರ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ, ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡರೆ ಸಾಕು. ಯಾರೂ ಹೇಳದೆ ಕನ್ನಡಿಯ ಮುಂದೆ ನಿಂತು ಹೆಜ್ಜೆ ತಿದ್ದಿಕೊಳ್ಳುವುದು, ತನಗಿಂತ ಚಿಕ್ಕವರಿಗೆ ಹೇಳಿಕೊಡುವುದು, ಬೇರೆಯವರ ಪಂದ್ಯವನ್ನು ಕೊನೆಯವರೆಗೆ ನೋಡುವುದು, ಇವೂ ಒಳ್ಳೆಯ ಸೂಚನೆಗಳೇ. ಒಂದು ವರ್ಷದ ಬಳಿಕವೂ ಇಂಥದ್ದೇನೂ ಕಾಣದೆ ಜಾಕೆಟ್ ತೊಟ್ಟ ಫೋಟೊಗಳು ಮಾತ್ರ ಹೆಚ್ಚುತ್ತಿದ್ದರೆ, ಅವಳು ಬಿಡುತ್ತೇನೆಂದಾಗ ತಡೆಯಬೇಡಿ. ಆ ವರ್ಷದಲ್ಲಿ ಕಾಲಿಗೆ ಬಂದ ಶಕ್ತಿ ಎಲ್ಲಿಗೂ ಹೋಗುವುದಿಲ್ಲ.

ನಾಚಿಕೆಯ ಸ್ವಭಾವದ, ಹೆಚ್ಚು ಮಾತಾಡದ ಮಕ್ಕಳು ಈ ಆಟದಲ್ಲಿ ಅರಳುವುದನ್ನು ಬಹಳ ಕಂಡಿದ್ದೇನೆ. ಮಾಸ್ಕ್ ಹಾಕಿದ ಮೇಲೆ ಅವರ ಮುಖ ಯಾರಿಗೂ ಕಾಣುವುದಿಲ್ಲ. ಹೆದರಿಕೆಯೂ ಸೇರಿ ಎಲ್ಲವೂ ಒಳಗೇ ಇರುತ್ತದೆ. ಸೋಲಿನ ಮಟ್ಟಿಗೂ ಇಲ್ಲಿನ ಏರ್ಪಾಡು ಚೆನ್ನಾಗಿದೆ. ವೈಯಕ್ತಿಕ ಸ್ಪರ್ಧೆಯ ಆರಂಭದಲ್ಲಿ ಆಟಗಾರರನ್ನು ಸಣ್ಣ ಗುಂಪುಗಳಾಗಿ ಮಾಡಿ, ಗುಂಪಿನ ಪ್ರತಿಯೊಬ್ಬರೊಂದಿಗೂ ಮೂರು ನಿಮಿಷದ, ಐದು ಅಂಕಗಳ ಪಂದ್ಯ ಆಡಿಸುತ್ತಾರೆ. ಆದ್ದರಿಂದ ತೀರ ಹೊಸಬಳೂ ಒಂದೇ ಸೋಲಿಗೆ ಬಸ್ಸು ಹತ್ತಬೇಕಾಗುವುದಿಲ್ಲ. ಪಂದ್ಯದ ಮೊದಲೂ ಕೊನೆಗೂ ಎದುರಾಳಿಗೆ ಕತ್ತಿಯೆತ್ತಿ ವಂದಿಸಬೇಕೆಂಬುದು ಬರಿಯ ಸಂಪ್ರದಾಯವಲ್ಲ, ನಿಯಮ. ಸಮಯದ ಶಿಸ್ತೂ ಹಾಗೆಯೇ. ಭವಾನಿ ದೇವಿ ತಮ್ಮ ಮೊದಲ ಅಂತಾರಾಷ್ಟ್ರೀಯ ಸ್ಪರ್ಧೆಯಲ್ಲಿ, 2007ರಲ್ಲಿ ಟರ್ಕಿಯಲ್ಲಿ, ಮೂರು ನಿಮಿಷ ತಡವಾಗಿ ಬಂದದ್ದಕ್ಕೆ ಕಪ್ಪು ಕಾರ್ಡ್ ಪಡೆದು ಹೊರಬಿದ್ದಿದ್ದರು.

ಅಜ್ಜನ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಉತ್ತರ ಮಲಬಾರಿನ ಕಳರಿ ಮತ್ತು ತುಳುನಾಡಿನ ಗರಡಿ ಈ ನೆಲದ ವಿದ್ಯೆಗಳು, ಕೋಟಿ ಚೆನ್ನಯರ ಹೆಸರು ಕೇಳಿ ಬೆಳೆದ ಹಿರಿಯರಿಗೆ ಮೊಮ್ಮಗಳ ಕೈಯಲ್ಲಿ ಪರದೇಶದ ಕತ್ತಿ ಯಾಕೆ ಎನಿಸಿದರೆ ಅದು ಸಹಜ. ಆದರೆ ಎರಡು ವಿದ್ಯೆಗಳ ನಡುವಿನ ಹತ್ತಿರವನ್ನೂ ಅವರಿಗೆ ತಿಳಿಸಿ. ಕಳರಿಯಲ್ಲಿ ಮೊದಲು ಮೈಯ ಸಾಧನೆಯಾದ ಮೆಯ್ತಾರಿ, ಆಮೇಲೆ ಕೋಲಿನ ಕೋಲ್ತಾರಿ, ಅದರ ಬಳಿಕವಷ್ಟೇ ಲೋಹದ ಆಯುಧಗಳ ಅಂಕತ್ತಾರಿ. ಮೈ ಹದವಾಗದೆ ಆಯುಧ ಕೊಡಬಾರದೆಂಬ ಇದೇ ಕ್ರಮ ಫೆನ್ಸಿಂಗಿನಲ್ಲಿಯೂ ಇದೆ. ಸಾಂಪ್ರದಾಯಿಕ ಕಳರಿಯ ಉದ್ದ 42 ಅಡಿ. ಫೆನ್ಸಿಂಗ್ ನಡೆಯುವ ಪಿಸ್ಟ್ 14 ಮೀಟರ್, ಅಂದರೆ ಸುಮಾರು 46 ಅಡಿ. ವ್ಯತ್ಯಾಸವೂ ದೊಡ್ಡದೇ. ಕಳರಿಯಲ್ಲಿ ಮೈ ನೆಲದ ಮಟ್ಟಕ್ಕೆ ಇಳಿಯುತ್ತದೆ, ಸುತ್ತುತ್ತದೆ, ಹಾರುತ್ತದೆ. ಫೆನ್ಸಿಂಗ್ ಒಂದೂವರೆಯಿಂದ ಎರಡು ಮೀಟರ್ ಅಗಲದ ಪಟ್ಟಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಮಾತ್ರ ನಡೆಯುತ್ತದೆ, ಕತ್ತಿಯ ಕೆಲಸ ಬಹಳಷ್ಟು ಬೆರಳು ಮತ್ತು ಮಣಿಕಟ್ಟಿನದು. ಕಳರಿ ಕಲಿತ ಮಕ್ಕಳು ಬಲವಾದ ತೊಡೆ ಮತ್ತು ಸಡಿಲವಾದ ಸೊಂಟದೊಂದಿಗೆ ಬರುತ್ತಾರೆ, ಅದು ಲಾಭ. ತೋಳನ್ನು ದೊಡ್ಡದಾಗಿ ಬೀಸುವ ರೂಢಿಯನ್ನು ಬಿಡಬೇಕಾಗುತ್ತದೆ, ಏಕೆಂದರೆ ಬೀಸು ಶುರುವಾಗುವಷ್ಟರಲ್ಲಿ ಎದುರಾಳಿಯ ತುದಿ ತೋಳನ್ನು ಮುಟ್ಟಿರುತ್ತದೆ. ಊರಿನ ಹತ್ತಿರ ಒಳ್ಳೆಯ ಗುರುಕ್ಕಳಿದ್ದರೆ ಫೆನ್ಸಿಂಗಿಗೆ ವ್ಯವಸ್ಥೆಯಾಗುವವರೆಗೆ ಅವಳನ್ನು ಅಲ್ಲಿಗೆ ಕಳುಹಿಸುವುದು ಸರಿಯಾದ ನಿರ್ಧಾರವೇ. ಆದರೆ ‘ಅದರ ಬದಲಿಗೆ ಇದು’ ಎಂದು ಕಳುಹಿಸಿದರೆ ಅವಳಿಗೆ ಎರಡೂ ಕಹಿಯಾಗುತ್ತವೆ.

ಫೆನ್ಸಿಂಗಿನಲ್ಲಿ ಮೂರು ಆಯುಧಗಳಿವೆ. ಫಾಯಿಲಿನಲ್ಲಿ ಮುಂಡಕ್ಕೆ ತುದಿಯಿಂದ ಚುಚ್ಚಿದರೆ ಮಾತ್ರ ಅಂಕ. ಎಪೆಯಲ್ಲಿ ಪಾದದಿಂದ ಮಾಸ್ಕಿನವರೆಗೆ ಎಲ್ಲಿ ಚುಚ್ಚಿದರೂ ಅಂಕ. ಸೇಬರಿನಲ್ಲಿ ತಲೆ ಮತ್ತು ತೋಳುಗಳೂ ಸೇರಿ ಸೊಂಟದಿಂದ ಮೇಲಕ್ಕೆ ಅಂಚಿನಿಂದಲೂ ಹೊಡೆಯಬಹುದು, ತುದಿಯಿಂದಲೂ ಹೊಡೆಯಬಹುದು. ಫಾಯಿಲ್ ಮತ್ತು ಸೇಬರಿನಲ್ಲಿ ಇಬ್ಬರ ದೀಪವೂ ಹೊತ್ತಿದರೆ, ದಾಳಿಯ ಹಕ್ಕು ಯಾರದಿತ್ತೆಂದು ರೆಫರಿ ತೀರ್ಮಾನಿಸುತ್ತಾರೆ. ಎಪೆಯಲ್ಲಿ ಆ ಪ್ರಶ್ನೆಯೇ ಇಲ್ಲ, ಮೊದಲು ಮುಟ್ಟಿದವರಿಗೆ ಅಂಕ, ಒಟ್ಟಿಗೆ ಮುಟ್ಟಿದರೆ ಇಬ್ಬರಿಗೂ ಅಂಕ. ನುರಿತ ರೆಫರಿಗಳು ವಿರಳವಾಗಿರುವ ಕಡೆ ಎಪೆಯಿಂದ ಆರಂಭಿಸುವುದು ಅನುಕೂಲವೆಂಬ ಮಾತಿದೆ, ನಾನೂ ಒಪ್ಪುತ್ತೇನೆ. ಆದರೆ ಆಯುಧದ ಆಯ್ಕೆಯ ಬಗ್ಗೆ ಈಗ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ನಿಮಗೆ ಸಿಗುವ ಒಳ್ಳೆಯ ತರಬೇತುದಾರರು ಯಾವುದನ್ನು ಕಲಿಸುತ್ತಾರೋ ಅದೇ ನಿಮ್ಮ ಮಗಳ ಆಯುಧ.

ಅಪಾಯದ ಬಗ್ಗೆ ಕೇಳಿದ್ದೀರಿ. 1982ರಲ್ಲಿ ರೋಮ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಸೋವಿಯೆತ್ ಒಕ್ಕೂಟದ ಒಲಿಂಪಿಕ್ ಚಾಂಪಿಯನ್ ವ್ಲಾದಿಮಿರ್ ಸ್ಮಿರ್ನೋವ್ ಅವರ ಮಾಸ್ಕನ್ನು ಎದುರಾಳಿಯ ಮುರಿದ ಕತ್ತಿ ಭೇದಿಸಿ, ಅವರು ಕೆಲವು ದಿನಗಳಲ್ಲಿ ತೀರಿಕೊಂಡರು. ಇಂದಿನ ಸುರಕ್ಷಾ ನಿಯಮಗಳ ಬಿಗುವು ಬಹುಮಟ್ಟಿಗೆ ಆ ದುರಂತದ ಬಳಿಕ ಬಂದದ್ದು. ಬೇಗ ಮುರಿಯದ ವಿಶೇಷ ಉಕ್ಕಿನ ಅಲಗು, ಮೊದಲಿಗಿಂತ ಗಟ್ಟಿಯಾದ ಮಾಸ್ಕ್, ಅಲಗು ತೂರುವುದನ್ನು ತಡೆಯುವ ಶಕ್ತಿಯನ್ನು ನ್ಯೂಟನ್ ಎಂಬ ಬಲದ ಮಾನದಲ್ಲಿ ಪರೀಕ್ಷಿಸಿದ ಉಡುಪು ಬಳಕೆಗೆ ಬಂದವು. ಜಾಕೆಟ್ಟುಗಳು ಸಾಮಾನ್ಯವಾಗಿ 350 ಅಥವಾ 800 ನ್ಯೂಟನ್ ತಡೆಯುವಂಥವು. ಅಂತಾರಾಷ್ಟ್ರೀಯ ಸ್ಪರ್ಧೆಗೆ 800ರದೇ ಬೇಕು. ಜಾಕೆಟಿನ ಒಳಗೆ, ಕತ್ತಿ ಹಿಡಿಯುವ ಕೈಯ ಬದಿಗೆ ಪ್ಲಾಸ್ಟ್ರನ್ ಎಂಬ ಇನ್ನೊಂದು ಪದರವಿರುತ್ತದೆ, ಹುಡುಗಿಯರಿಗೆ ಗಟ್ಟಿ ಪ್ಲಾಸ್ಟಿಕ್ಕಿನ ಎದೆಕವಚ ಕಡ್ಡಾಯ. ಇಷ್ಟೆಲ್ಲ ತೊಟ್ಟು ಆಡುವಾಗ ಆಗುವ ನೋವುಗಳು ಬಹುಪಾಲು ಕಾಲಿನವು: ಉಳುಕಿದ ಕಣಕಾಲು, ನೋಯುವ ಮೊಣಕಾಲು, ಎಳೆದ ತೊಡೆಯ ಸ್ನಾಯು. ಲಂಜ್‌ನಲ್ಲಿ ಮುಂದಿನ ಮೊಣಕಾಲು ಒಳಕ್ಕೆ ವಾಲದಂತೆ ಮೊದಲ ದಿನದಿಂದಲೇ ತಿದ್ದುವ, ಇನ್ನೊಂದು ಬದಿಯ ಕೈಕಾಲಿಗೂ ವ್ಯಾಯಾಮ ಕೊಡುವ ತರಬೇತುದಾರರಾದರೆ ನೀವು ನಿಶ್ಚಿಂತರಾಗಿರಬಹುದು. ಮಾಸ್ಕ್ ಇಲ್ಲದೆ ಒಂದು ಕ್ಷಣವಾದರೂ ಕತ್ತಿ ಎದುರಿಗೆ ಹಿಡಿಯಲು ಬಿಡುವ ಕೇಂದ್ರವನ್ನು ಕಂಡರೆ ಅದೇ ದಿನ ಮಗಳನ್ನು ಕರೆದುಕೊಂಡು ಬನ್ನಿ. ಅಂಗಳದಲ್ಲಿ ಕೋಲು ಹಿಡಿದು ತಮ್ಮನೊಂದಿಗೋ ಗೆಳತಿಯೊಂದಿಗೋ ಮಾಡುವ ಅನುಕರಣೆಯನ್ನೂ ಇಂದೇ ನಿಲ್ಲಿಸಿ. ಕಣ್ಣಿಗೆ ಅಪಾಯವಿರುವುದು ಅಲ್ಲಿ.

ಎಲ್ಲಿಗೆ ಕಳುಹಿಸುವುದೆಂಬ ವಿಚಾರದಲ್ಲಿ ಕಾಸರಗೋಡಿನವರು ತಮ್ಮನ್ನು ದುರದೃಷ್ಟವಂತರೆಂದು ತಿಳಿಯಬೇಕಾಗಿಲ್ಲ. ಭವಾನಿ ದೇವಿ 10ನೇ ತರಗತಿಯ ಬಳಿಕ ಚೆನ್ನೈ ಬಿಟ್ಟು ತರಬೇತಿಗೆ ಬಂದು ಸೇರಿದ್ದು ನಿಮ್ಮ ನೆರೆಯ ಕಣ್ಣೂರು ಜಿಲ್ಲೆಯ ತಲಶ್ಶೇರಿಗೆ, ಅಲ್ಲಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರಕ್ಕೆ. ತರಬೇತುದಾರ ಸಾಗರ್ ಲಾಗು ಅವರ ಕೈಯಲ್ಲಿ ಅವರು ಪಳಗಿದ್ದು ಅಲ್ಲಿಯೇ. ಕಾಸರಗೋಡಿನಿಂದ ತಲಶ್ಶೇರಿಗೆ ರೈಲಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ದಿನವೂ ಹೋಗಿ ಬರುವಂಥದಲ್ಲ, ಅಲ್ಲಿಯ ವಸತಿ ಸೌಲಭ್ಯಕ್ಕೆ ಆಯ್ಕೆ ಪರೀಕ್ಷೆಯೂ ಇರುತ್ತದೆ. ಆದರೆ ಒಂದು ರಜಾದಿನ ಮಗಳನ್ನು ಕರೆದುಕೊಂಡು ಹೋಗಿ, ಮೊದಲೇ ಅನುಮತಿ ಕೇಳಿ, ಅಭ್ಯಾಸವನ್ನು ಹೊರಗಿನಿಂದ ನೋಡಿ ಬರಲು ಯಾವ ಆಯ್ಕೆಯೂ ಬೇಡ. ಧಾರಾವಾಹಿಯ ಹುಡುಗಿಯ ಬದಲಿಗೆ ತನ್ನದೇ ವಯಸ್ಸಿನ ಮಕ್ಕಳು ಬೆವರು ಸುರಿಸುತ್ತ ಒಂದೇ ಹೆಜ್ಜೆಯನ್ನು ನೂರು ಸಲ ಹಾಕುವುದನ್ನು ಕಂಡ ಮೇಲೂ ಅವಳಿಗೆ ಆಸೆಯಿದ್ದರೆ ಅದಕ್ಕೊಂದು ಬೆಲೆಯಿದೆ. ದಿನನಿತ್ಯದ ತರಬೇತಿಯ ಬಗ್ಗೆ ಶಾಲೆಯ ದೈಹಿಕ ಶಿಕ್ಷಕರನ್ನೂ ಜಿಲ್ಲಾ ಸ್ಪೋರ್ಟ್ಸ್ ಕೌನ್ಸಿಲನ್ನೂ ವಿಚಾರಿಸಿ; ಬೇಸಗೆ ರಜೆಯ ಶಿಬಿರಗಳಿಂದಲೂ ಆರಂಭಿಸಬಹುದು. ನಾಲ್ಕಾರು ಮಕ್ಕಳು ಸೇರಿದರೆ ವಾರಕ್ಕೊಮ್ಮೆ ಬರಲು ಒಪ್ಪುವ ತರಬೇತುದಾರರೂ ಸಿಗುತ್ತಾರೆ, ಬೇಕಾದದ್ದು 14 ಮೀಟರ್ ಉದ್ದದ ಸಮತಟ್ಟಾದ ನೆಲ. ಶಾಲೆಯ ಸಭಾಂಗಣವಾದೀತು. ಹೆಜ್ಜೆಯ ಅಭ್ಯಾಸಕ್ಕಾದರೆ ನಿಮ್ಮ ಅಡಿಕೆ ಒಣಗಿಸುವ ಅಂಗಳವೇ ಧಾರಾಳ, ಮಳೆಗಾಲದಲ್ಲಿ ಪಾಚಿ ಕಟ್ಟಿದಾಗ ಮಾತ್ರ ಬೇಡ.

ಖರ್ಚಿನ ವಿಷಯದಲ್ಲಿ ಆತುರ ಪಡಬೇಡಿ. ಮೊದಲ ತಿಂಗಳುಗಳಲ್ಲಿ ಏನನ್ನೂ ಕೊಳ್ಳದೆ ಕೇಂದ್ರದ ಸಾಮಾನನ್ನೇ ಬಳಸಲಿ. ಕೊಳ್ಳುವ ಕಾಲ ಬಂದಾಗ ಮೊದಲು ಗ್ಲೌಸ್, ಆಮೇಲೆ ಮಾಸ್ಕ್, ಆಮೇಲೆ ಜಾಕೆಟ್. ವಿದ್ಯುತ್ ಸಂಪರ್ಕದ ಕತ್ತಿ, ತಂತಿ, ಲಾಮೆ ಎಂಬ ಲೋಹದ ನೂಲಿನ ಮೇಲಂಗಿ ಇವೆಲ್ಲ ಸ್ಪರ್ಧೆಗೆ ಹೋಗುವ ಹೊತ್ತಿಗೆ ಸಾಕು. 13ರ ಮಗು ಎರಡು ವರ್ಷದಲ್ಲಿ ಎಷ್ಟು ಬೆಳೆಯುತ್ತದೆಂದು ಯಾರಿಗೆ ಗೊತ್ತು, ಆದ್ದರಿಂದ ಹಿರಿಯ ಆಟಗಾರ್ತಿಯರು ಬಳಸಿ ಬಿಟ್ಟ ಜಾಕೆಟ್ ಸಿಕ್ಕರೆ, ಹೊಲಿಗೆ ಭದ್ರವಾಗಿದ್ದರೆ, ಸಂಕೋಚವಿಲ್ಲದೆ ತೆಗೆದುಕೊಳ್ಳಿ. ಮಾಸ್ಕ್ ಮಾತ್ರ ಹಳೆಯದು ಬೇಡ. ನಮ್ಮ ಕರಾವಳಿಯ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದಲ್ಲಿ ಅಲಗಿಗೆ ಒಂದು ವಾರದಲ್ಲಿ ತುಕ್ಕು ಹಿಡಿಯುತ್ತದೆ. ಅಭ್ಯಾಸ ಮುಗಿದ ಕೂಡಲೇ ಒಣ ಬಟ್ಟೆಯಲ್ಲಿ ಒರೆಸಿ, ಬೆವರಿಗೆ ಒದ್ದೆಯಾದ ಉಡುಪಿನ ಜತೆ ಒಂದೇ ಚೀಲದಲ್ಲಿ ತುರುಕದೆ ಬೇರೆಯಾಗಿ ಇಡಲು ಕಲಿಸಿ. ಬೆವರಿನ ಉಪ್ಪು ಲಾಮೆಯ ಲೋಹದ ನೂಲನ್ನೂ ತಿನ್ನುತ್ತದೆ.

ವಯಸ್ಸಿನ ಮಾತು ಚಿಕ್ಕದು. ಹಲವೆಡೆ ಮಕ್ಕಳು ಏಳೆಂಟು ವರ್ಷಕ್ಕೇ ಚಿಕ್ಕ ಅಲಗಿನ ಕತ್ತಿ ಹಿಡಿಯುತ್ತಾರೆಂಬುದು ನಿಜ, ಅವರೆದುರು ನಿಮ್ಮ ಮಗಳು ಮೊದಲ ಒಂದೆರಡು ವರ್ಷ ಸೋಲುತ್ತಾಳೆ. ಆದರೆ ಅಂತಾರಾಷ್ಟ್ರೀಯ ಕೆಡೆಟ್ ವಿಭಾಗ 17ರೊಳಗಿನವರಿಗೆ, ಜೂನಿಯರ್ ವಿಭಾಗ 20ರೊಳಗಿನವರಿಗೆ. ಅವಳ ಮುಂದೆ ಸಾಕಷ್ಟು ಕಾಲವಿದೆ. 41ರ ಇಮ್ರೆ ಒಲಿಂಪಿಕ್ ಫೈನಲ್ ಆಡಿದ್ದನ್ನು ಮೇಲೆ ಹೇಳಿದೆ. 10ನೇ ತರಗತಿಯ ಪರೀಕ್ಷೆಯ ವರ್ಷ ಏನು ಮಾಡುವುದೆಂದು ಈಗಲೇ ಚರ್ಚಿಸಿ ಅವಳ ಉತ್ಸಾಹ ತಗ್ಗಿಸಬೇಡಿ. ವಾರಕ್ಕೆ ಎರಡು ಮೂರು ದಿನದ ಅಭ್ಯಾಸ ಓದಿಗೆ ಅಡ್ಡಿಯಾಗುವುದಿಲ್ಲ.

ಮೊದಲ ದಿನ ತರಗತಿಗೆ ಹೋಗುವಾಗ ಮೊಣಕಾಲು ಮುಚ್ಚುವ ಟ್ರ್ಯಾಕ್ ಪ್ಯಾಂಟ್, ಬ್ಯಾಡ್ಮಿಂಟನ್ ಆಡುವಂಥ ಚಪ್ಪಟೆ ಅಡಿಯ ಶೂ ಮತ್ತು ದೊಡ್ಡ ನೀರಿನ ಬಾಟಲಿ ಇರಲಿ. ಕೂದಲನ್ನು ಮಾಸ್ಕಿನೊಳಗೆ ಕೂರುವಂತೆ ಕೆಳಕ್ಕೆ ಬಿಗಿದು ಕಟ್ಟಿರಲಿ. ನೀವೂ ಅಲ್ಲಿ ಕುಳಿತು ನೋಡಬಹುದು, ಆದರೆ ಪಿಸ್ಟಿನ ಪಕ್ಕದಿಂದ ಅವಳಿಗೆ ಸಲಹೆ ಕೊಡುವ ಕೆಲಸ ಬೇಡ.